ಮೂವತ್ತೊಂದನೇ ಕಿಲೋಮೀಟರಿಗೆ ಕಾಲು ಸೋತಿದ್ದೇಕೆ? ಮ್ಯಾರಥಾನ್ ಓಟಗಾರರ ಪ್ರಶ್ನೋತ್ತರ

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಅದರ ಮರುವಾರದಿಂದಲೇ ನಮಗೆ ಪತ್ರಗಳು ಬರತೊಡಗುತ್ತವೆ, ಅರ್ಧಕ್ಕರ್ಧ ಬೇಸರದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಉದ್ದವಾದವನ್ನು ಮೊಟಕು ಮಾಡಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಹಾಫ್ ಮ್ಯಾರಥಾನನ್ನು 2 ಗಂಟೆ 2 ನಿಮಿಷಕ್ಕೆ ಮುಗಿಸುತ್ತೇನೆ. ಮೊದಲ ಫುಲ್‌ಗೆ (ಪೂರ್ತಿ ಮ್ಯಾರಥಾನ್, 42.195 ಕಿ.ಮೀ.) 4 ಗಂಟೆಯ ಗುರಿ ಇಟ್ಟುಕೊಂಡಿದ್ದೆ. 30ರವರೆಗೆ ಎಲ್ಲ ಸರಿಯಿತ್ತು, 31ಕ್ಕೆ ಯಾರೋ ಫ್ಯೂಸ್ ಕಿತ್ತಂತಾಯಿತು. ಉಳಿದದ್ದನ್ನು ನಡೆದುಕೊಂಡೇ 4 ಗಂಟೆ 52 ನಿಮಿಷಕ್ಕೆ ಮುಗಿಸಿದೆ. ದಾರಿಯಲ್ಲಿ ಎರಡು ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ತಿಂದಿದ್ದೆ. ನನಗೆ ಮನೋಬಲ ಸಾಲದೇ? (ದಾವಣಗೆರೆ)

ಉತ್ತರ: ಮನೋಬಲ ಇಲ್ಲದವರು ಹನ್ನೆರಡು ಕಿಲೋಮೀಟರ್ ನಡೆದುಕೊಂಡು ಬಂದು ಮುಗಿಸುವುದಿಲ್ಲ. ಅದರ ಮಾತು ಬಿಡಿ. ನಿಮ್ಮ ಲೆಕ್ಕ ತಪ್ಪಿದೆ, ಎರಡು ಕಡೆ.

ಮೊದಲನೆಯದು ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ. ಹಾಫ್‌ನ ಸಮಯವನ್ನು ಎರಡರಿಂದ ಗುಣಿಸಿದರೆ ಫುಲ್‌ನ ಸಮಯ ಸಿಗುವುದಿಲ್ಲ. ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ಕೊಟ್ಟ ಸೂತ್ರದ ಪ್ರಕಾರ, ದೂರ ದುಪ್ಪಟ್ಟಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ. ನಿಮ್ಮ 122 ನಿಮಿಷಕ್ಕೆ ಅದು 254 ನಿಮಿಷ, ಅಂದರೆ 4 ಗಂಟೆ 14 ನಿಮಿಷ. ಇದೂ ವಾರಕ್ಕೆ 60–70 ಕಿ.ಮೀ. ಓಡಿ ತಯಾರಾದವರ ಮಾತು. ವಾರಕ್ಕೆ 40ರ ಆಸುಪಾಸಿನಲ್ಲಿ ಓಡಿಕೊಂಡು ಮೊದಲ ಫುಲ್‌ಗೆ ನಿಂತವರು ಇನ್ನೂ 10–15 ನಿಮಿಷ ಸೇರಿಸಿಕೊಳ್ಳಬೇಕು. ನಿಮಗೆ ಒಪ್ಪುತ್ತಿದ್ದ ಪೇಸ್ ಕಿಲೋಮೀಟರಿಗೆ 6:16ರಿಂದ 6:23. ನೀವು ಓಡಿದ್ದು 5:41ರಲ್ಲಿ. ಹತ್ತನೇ ಕಿಲೋಮೀಟರಿನಲ್ಲಿ ಈ ಅರ್ಧ ನಿಮಿಷ ಗೊತ್ತೇ ಆಗುವುದಿಲ್ಲ. ಮೈ ಹಗುರ, ಸುತ್ತ ಜನ, ಬೀದಿಯುದ್ದಕ್ಕೂ ಚಪ್ಪಾಳೆ. ಸಾಲ ಮಾಡಿ ಮದುವೆ ಮಾಡಿದ ಹಾಗೆ. ಊಟ ಚೆನ್ನಾಗಿಯೇ ಇರುತ್ತದೆ, ಬಡ್ಡಿ ಆಮೇಲೆ ಬರುತ್ತದೆ.

ಎರಡನೆಯದು ಸಕ್ಕರೆ. ಓಟಕ್ಕೆ ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ ಹತ್ತಿರ ಹತ್ತಿರ ಒಂದು ಕ್ಯಾಲೊರಿ ಖರ್ಚಾಗುತ್ತದೆ. 65 ಕಿಲೋ ತೂಕದವರಿಗೆ ಇಡೀ ಓಟಕ್ಕೆ 2,700ರ ಸುತ್ತ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ 400–500 ಗ್ರಾಂ, ಅಂದರೆ 1,600ರಿಂದ 2,000 ಕ್ಯಾಲೊರಿ. ಉಳಿದದ್ದು ಕೊಬ್ಬಿನಿಂದ ಬರಬೇಕು. ಎಷ್ಟೇ ಸಣಕಲರಾದರೂ ಕೊಬ್ಬು ಬೇಕಾದಷ್ಟಿರುತ್ತದೆ, ಆದರೆ ಅದು ಉರಿಯುವುದು ಹಸಿ ಸೌದೆಯ ಹಾಗೆ, ನಿಧಾನ. ಪೇಸ್ ಏರಿಸಿದಷ್ಟೂ ಸಕ್ಕರೆಯ ಪಾಲು ಏರುತ್ತದೆ. ಹಾಗಾಗಿ ನಿಮ್ಮ ಮೊದಲ ತಪ್ಪೇ ಎರಡನೆಯದನ್ನು ದೊಡ್ಡದು ಮಾಡಿತು. ಸ್ನಾಯುವಿನ ಸಕ್ಕರೆ ಬರಿದಾದಾಗ ತೊಡೆ ಸೀಸ ತುಂಬಿದಂತೆ ಭಾರವಾಗುತ್ತದೆ; ಯಕೃತ್ತಿನದು ಕರಗಿದರೆ ತಲೆ ಮಂಕಾಗಿ, ಉಳಿದ ಕಿಲೋಮೀಟರ್ ಎಷ್ಟೆಂಬ ಕಳೆಯುವ ಲೆಕ್ಕವೂ ಬಗೆಹರಿಯುವುದಿಲ್ಲ.

ಎರಡು ಜೆಲ್ ಎಂದರೆ 45–50 ಗ್ರಾಂ ಸಕ್ಕರೆ. ಐದು ಗಂಟೆಗೆ ಹಂಚಿದರೆ ಗಂಟೆಗೆ ಹತ್ತು ಗ್ರಾಂ. ಬೇಕಿದ್ದದ್ದು ಗಂಟೆಗೆ 40ರಿಂದ 60. ಮುಂದಿನ ಸಲ ಮೊದಲ ಜೆಲ್ 35–40ನೇ ನಿಮಿಷಕ್ಕೆ, ಹಸಿವೆಯಾಗಲಿ ಸುಸ್ತಾಗಲಿ ಕಾಣುವ ಮೊದಲೇ. ಆಮೇಲೆ ಪ್ರತಿ 25–30 ನಿಮಿಷಕ್ಕೊಂದು. ನಾಲ್ಕೂವರೆ ಗಂಟೆಗೆ ಎಂಟೊಂಬತ್ತು ಬೇಕು, ನಡುನಡುವೆ ಸ್ಪೋರ್ಟ್ಸ್ ಡ್ರಿಂಕ್ ಒಂದೆರಡು ಲೋಟ. ಜೆಲ್ ದುಬಾರಿ ಎನ್ನಿಸಿದರೆ ಒಂದು ಜೆಲ್‌ಗೆ ಸಮನಾಗಿ ಬೀಜ ತೆಗೆದ ಸಣ್ಣ ಖರ್ಜೂರ ನಾಲ್ಕು, ಅಥವಾ ಏಲಕ್ಕಿ ಬಾಳೆ ಎರಡು, ಅಥವಾ ಅಡಿಕೆ ಗಾತ್ರದ ಎರಡು ತುಂಡು ಬೆಲ್ಲ ಸಾಕು. ಬೆಲ್ಲವನ್ನು ಬಟರ್ ಪೇಪರಿನಲ್ಲಿ ಸುತ್ತಿಡಿ. ಜೇಬಿನ ಬಿಸಿಗೆ ಕರಗಿ ಬಟ್ಟೆಗೆ ಅಂಟುತ್ತದೆ.

ಜೆಲ್ ಮೇಲೆ 100–150 ಮಿ.ಲೀ. ಬರಿ ನೀರು ಕುಡಿಯಿರಿ. ಸ್ಪೋರ್ಟ್ಸ್ ಡ್ರಿಂಕ್ ಜೊತೆ ನುಂಗಿದರೆ ಹೊಟ್ಟೆಯೊಳಗೆ ಪಾಕ ಗಟ್ಟಿಯಾಗಿ, ಅದನ್ನು ತೆಳು ಮಾಡಲು ಕರುಳು ಮೈಯಿಂದಲೇ ನೀರು ಎಳೆದುಕೊಳ್ಳುತ್ತದೆ. ನುಲಿತ, ವಾಂತಿ ಶುರುವಾಗುವುದು ಹೀಗೆ. ಓಡುವಾಗ ರಕ್ತವೆಲ್ಲ ಕಾಲಿಗೆ ಹರಿದಿರುವುದರಿಂದ ಹೊಟ್ಟೆಗೂ ಅಭ್ಯಾಸ ಬೇಕು. ಏನು ತಿನ್ನುತ್ತೀರೋ ಅದನ್ನೇ ಐದಾರು ಲಾಂಗ್ ರನ್‌ಗಳಲ್ಲಿ ತಿಂದು ನೋಡಿ. ಹಾಗೆಯೇ 28ರಿಂದ 32 ಕಿಲೋಮೀಟರಿನ ಲಾಂಗ್ ರನ್ ಮೂರಾದರೂ ಆಗಿರಲಿ, ಕೊನೆಯದು ಓಟಕ್ಕೆ ಮೂರು ವಾರ ಮುಂಚೆ. ಮೂರೂವರೆ ಗಂಟೆ ದಾಟಿಸಬೇಡಿ. ಅಲ್ಲಿಂದಾಚೆ ಲಾಭಕ್ಕಿಂತ ಗಾಯ ಹೆಚ್ಚು.

ಪ್ರಶ್ನೆ: ನನ್ನ ವಾಚ್ 42.71 ಕಿ.ಮೀ. ತೋರಿಸಿತು. ಆಯೋಜಕರು ಅರ್ಧ ಕಿಲೋಮೀಟರ್ ಹೆಚ್ಚು ಓಡಿಸಿದ್ದಾರೆ. ನಾಲ್ಕೂವರೆ ಗಂಟೆಯೊಳಗೆ ಮುಗಿಸುವುದು ಮೂರು ನಿಮಿಷದಲ್ಲಿ ತಪ್ಪಿತು. ದೂರು ಕೊಡಬಹುದೇ? (ಬೆಂಗಳೂರು)

ಉತ್ತರ: ಮಾರ್ಗಕ್ಕೆ ವರ್ಲ್ಡ್ ಅಥ್ಲೆಟಿಕ್ಸ್ ಮತ್ತು ಏಮ್ಸ್ (AIMS, ಮ್ಯಾರಥಾನ್ ಆಯೋಜಕರ ಅಂತರರಾಷ್ಟ್ರೀಯ ಸಂಘ) ಸಂಸ್ಥೆಗಳ ಅಳತೆ ಪ್ರಮಾಣಪತ್ರ ಇದ್ದರೆ ದೂರಿನಿಂದ ಏನೂ ಸಿಗದು. ಅಳೆಯುವ ಕ್ರಮ ಗೊತ್ತಾದರೆ ಕಾರಣ ತಾನೇ ಹೊಳೆಯುತ್ತದೆ.

ರಸ್ತೆ ಓಟವನ್ನು ಜಿಪಿಎಸ್‌ನಿಂದ ಅಳೆಯುವುದಿಲ್ಲ, ಸೈಕಲ್‌ನಿಂದ ಅಳೆಯುತ್ತಾರೆ. ಮುಂದಿನ ಚಕ್ರದ ಅಚ್ಚಿಗೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಗೇರ್ ಯಂತ್ರ ಕೂಡಿಸುತ್ತಾರೆ. ಅಮೆರಿಕದ ಆಲನ್ ಜೋನ್ಸ್ 1971ರಲ್ಲಿ ರೂಪಿಸಿದ್ದು. ಚಕ್ರ ಒಂದು ಸುತ್ತು ತಿರುಗಿದರೆ ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಕಿ ಉರುಳುತ್ತವೆ. ಅಂದರೆ ಒಂದು ಅಂಕಿಗೆ ಸುಮಾರು ಒಂಬತ್ತು ಸೆಂಟಿಮೀಟರ್. ಮೊದಲು ನೇರವಾದ, ಮಟ್ಟಸವಾದ ರಸ್ತೆಯಲ್ಲಿ ಕನಿಷ್ಠ 300 ಮೀಟರನ್ನು ಉಕ್ಕಿನ ಟೇಪಿನಿಂದ ಅಳೆದು, ಅದರ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ ಕಿಲೋಮೀಟರಿಗೆ ಎಷ್ಟು ಅಂಕಿ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಮಾರ್ಗ ಅಳೆದು ಮುಗಿದ ಮೇಲೆ ಅದೇ ಜಾಗಕ್ಕೆ ಬಂದು ಮತ್ತೆ ನಾಲ್ಕು ಸಲ. ಯಾಕೆಂದರೆ ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗುತ್ತದೆ, ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಎಣಿಕೆ ಕಡಿಮೆಯಾಗುತ್ತದೆ.

ಸೈಕಲ್ ಸಾಗುವುದು ಓಟಗಾರನಿಗೆ ಸಾಧ್ಯವಿರುವ ಅತಿ ಹತ್ತಿರದ ಹಾದಿಯಲ್ಲಿ: ತಿರುವಿನಲ್ಲಿ ಕಲ್ಲಂಚಿನಿಂದ 30 ಸೆಂ.ಮೀ. ದೂರ, ಒಂದು ತಿರುವಿನಿಂದ ಇನ್ನೊಂದಕ್ಕೆ ರಸ್ತೆಯನ್ನು ಓರೆಯಾಗಿ ಸೀಳಿಕೊಂಡು. ಇಷ್ಟರ ಮೇಲೆ, ಮಾರ್ಗ ಎಂದೂ ಕಡಿಮೆ ಬೀಳಬಾರದೆಂದು ಸಾವಿರಕ್ಕೆ ಒಂದರಂತೆ 42 ಮೀಟರ್ ಬೇಕೆಂದೇ ಸೇರಿಸುತ್ತಾರೆ. ಎಂದರೆ ಮಾರ್ಗ ಶುರುವಿನಲ್ಲೇ ಹತ್ತಿರ ಹತ್ತಿರ 42.24.

ಉಳಿದದ್ದು ನಿಮ್ಮ ಪಾಲು. ರಸ್ತೆಯ ನಡುವೆಯೇ ಓಡಿದರೆ, 90 ಡಿಗ್ರಿಯ ತಿರುವೊಂದರಲ್ಲಿ ಅಳತೆಯ ಗೆರೆಗಿಂತ ನಾಲ್ಕು ಮೀಟರ್ ಹೊರಗಿದ್ದರೂ ಆರು ಮೀಟರ್ ಹೆಚ್ಚಾಗುತ್ತದೆ. ಅಂಥ ತಿರುವು ನಲವತ್ತಿದ್ದರೆ ಕಾಲು ಕಿಲೋಮೀಟರ್ ಹೋಯಿತು. ನಿಧಾನದವರನ್ನು ಹಾವಿನಂತೆ ಬಳಸಿ ದಾಟಿದ್ದು, ನೀರಿನ ಮೇಜಿಗೆ ರಸ್ತೆ ದಾಟಿ ಹೋಗಿಬಂದದ್ದು ಬೇರೆ. ಮೇಲೆ ವಾಚಿನದೇ ದೋಷ: ಮೇಲ್ಸೇತುವೆಯ ಕೆಳಗೆ, ಗಾಜಿನ ಕಟ್ಟಡಗಳ ನಡುವೆ ಸಿಗ್ನಲ್ ಚಿಮ್ಮಿ ನಿಮ್ಮ ಹಾದಿ ಅಂಕುಡೊಂಕಾಗಿ ದಾಖಲಾಗುತ್ತದೆ.

ಮುಂದಿನ ಸಲ ವಾಚಿನ ಆಟೊ ಲ್ಯಾಪ್ (ಪ್ರತಿ ಕಿಲೋಮೀಟರಿಗೆ ತಾನಾಗಿ ಸಮಯ ಗುರುತಿಸುವ ವ್ಯವಸ್ಥೆ) ಆಫ್ ಮಾಡಿ, ಕಿಲೋಮೀಟರ್ ಫಲಕ ಬಂದಾಗ ಕೈಯಿಂದಲೇ ಗುಂಡಿ ಒತ್ತಿ. ಫಲಕವನ್ನೂ ಪೂರ್ತಿ ನಂಬಬೇಡಿ, ವಿದ್ಯುತ್ ಕಂಬ ಸಿಕ್ಕಲ್ಲಿ ಕಟ್ಟಿಬಿಡುತ್ತಾರೆ. 5 ಕಿಲೋಮೀಟರಿಗೊಮ್ಮೆ ಬರುವ ಚಿಪ್ ಮ್ಯಾಟ್ (ಓಟಗಾರರ ಚಿಪ್ ಓದಿ ಸಮಯ ದಾಖಲಿಸುವ ಹಾಸು) ಹೆಚ್ಚು ಖಚಿತ. ನಾಲ್ಕೂವರೆ ಗಂಟೆಗೆ ಕಾಗದದ ಮೇಲೆ ಕಿಲೋಮೀಟರಿಗೆ 6:24. ವಾಚ್ 42.6 ತೋರಿಸುತ್ತದೆಂದು ಹಿಡಿದು 6:20ರಲ್ಲಿ ಓಡಿ. ನೀವು ಕಳೆದುಕೊಂಡ ಮೂರು ನಿಮಿಷ ಈ ನಾಲ್ಕು ಸೆಕೆಂಡಿನಲ್ಲಿದೆ.

ಪ್ರಶ್ನೆ: ಮೂರು ಹೊತ್ತೂ ಮುದ್ದೆ ಉಂಡು ಬೆಳೆದವನು. ಓಟದ ಹಿಂದಿನ ದಿನ ಪಾಸ್ತಾ ತಿನ್ನಬೇಕಂತೆ, ಹೌದೇ? (ಮಂಡ್ಯ)

ಉತ್ತರ: ಪಾಸ್ತಾದಲ್ಲಿ ಅನ್ನದಲ್ಲಿಲ್ಲದ ಯಾವ ಮಹಿಮೆಯೂ ಇಲ್ಲ. ತಿಂಗಳುಗಟ್ಟಲೆ ತರಬೇತಿಗೆ ಮುದ್ದೆ, ಹುರುಳಿ ಸಾರು ಒಳ್ಳೆಯ ಜೊತೆ. ಆದರೆ ಓಟದ ಹಿಂದಿನ ದಿನ ಎರಡನ್ನೂ ಬಿಡಿ. ನಾರು ಹೆಚ್ಚಿರುವ ಊಟ ಕರುಳಿನಲ್ಲಿ ಉಳಿದಿದ್ದು 15ನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಿಸುತ್ತದೆ. ಸೊಪ್ಪು, ಕಾಳು, ಹಸಿ ತರಕಾರಿಗೂ ಅದೇ ಮಾತು. ಅನ್ನ ತಿಳಿಸಾರು, ಮೊಸರನ್ನ, ಅವಲಕ್ಕಿ, ಇಡ್ಲಿ, ಆಲೂಗಡ್ಡೆ ಪಲ್ಯ ಸಾಕು.

ಪ್ರಮಾಣದಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ಕೊನೆಯ ಒಂದೂವರೆ–ಎರಡು ದಿನ ದಿನಕ್ಕೆ ಕಿಲೋ ಮೈತೂಕಕ್ಕೆ ಕನಿಷ್ಠ 8 ಗ್ರಾಂ ಪಿಷ್ಟ ಬೇಕು. 60 ಕಿಲೋದವರಿಗೆ 480 ಗ್ರಾಂ. ನೂರು ಗ್ರಾಂ ಬೆಂದ ಅನ್ನದಲ್ಲಿ ಇರುವುದು ಸುಮಾರು 28 ಗ್ರಾಂ. ಬರಿ ಅನ್ನದಿಂದಲೇ ತುಂಬಲು ಹೊರಟರೆ ದಿನಕ್ಕೆ ಒಂದೂಮುಕ್ಕಾಲು ಕಿಲೋ ಉಣ್ಣಬೇಕು. ಆದ್ದರಿಂದ ಊಟದ ನಡುವೆ ಬಾಳೆಹಣ್ಣು, ಬ್ರೆಡ್ಡು ಜಾಮು, ಎರಡು ಮೂರು ಲೋಟ ಬೆಲ್ಲದ ಪಾನಕ ಸೇರಿಸಿ. ಎಣ್ಣೆ, ತುಪ್ಪ, ಮಾಂಸ ಕಡಿಮೆ ಮಾಡಿ ಜಾಗ ಉಳಿಸಿ. ರಾತ್ರಿ ಹೊಟ್ಟೆ ಬಿರಿಯ ಉಣ್ಣಬೇಡಿ, ಮಧ್ಯಾಹ್ನದ್ದೇ ದೊಡ್ಡ ಊಟವಾಗಲಿ. ತೂಕ ಒಂದು ಕಿಲೋ ಏರಿದರೆ ಗಾಬರಿ ಬೇಡ. ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ.

ಬೆಳಿಗ್ಗೆ 5ಕ್ಕೆ ಓಟವಾದರೆ ಎರಡೂವರೆಗೆ ಎದ್ದು ನಾಲ್ಕೈದು ಇಡ್ಲಿಗೆ ಸಕ್ಕರೆ ಹಚ್ಚಿಕೊಂಡು ತಿನ್ನಿ, ಜೊತೆಗೆ ಒಂದು ಬಾಳೆಹಣ್ಣು. ತೆಂಗಿನಕಾಯಿ ಚಟ್ನಿ ಬೇಡ, ಕೊಬ್ಬು ಹೊಟ್ಟೆಯಲ್ಲೇ ಕೂತಿರುತ್ತದೆ. ಕಾಫಿ ರೂಢಿಯಿದ್ದರೆ ಕುಡಿಯಿರಿ, ಶೌಚಕ್ಕೂ ಸಹಾಯ.

ಪ್ರಶ್ನೆ: ಐದೂವರೆ ಗಂಟೆಯ ಓಟದಲ್ಲಿ ಪ್ರತಿ ನೀರಿನ ಮೇಜಿನಲ್ಲೂ ನಿಂತು ಕುಡಿದೆ. ಕೊನೆಗೆ ಬೆರಳು ಊದಿ ಉಂಗುರ ಬಿಗಿಯಾಯಿತು, ತಲೆನೋವು, ವಾಕರಿಕೆ. ನೀರು ಸಾಲದೆ ಹೀಗಾಗಿದೆ ಎಂದು ಗೆಳತಿಯರು ಇನ್ನೂ ಎರಡು ಬಾಟಲಿ ಕುಡಿಸಿದರು. ಸಂಜೆಯವರೆಗೂ ಸರಿಹೋಗಲಿಲ್ಲ. (ಹುಬ್ಬಳ್ಳಿ)

ಉತ್ತರ: ಗೆಳತಿಯರ ಕಾಳಜಿ ಸರಿ, ಉಪಚಾರ ಅಪಾಯದ್ದು. ನೀವು ಹೇಳುವ ಲಕ್ಷಣಗಳು ನೀರು ಹೆಚ್ಚಾದವರದು. ಬೆವರಿದ್ದಕ್ಕಿಂತ ಹೆಚ್ಚು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ. ಇದಕ್ಕೆ ಹೈಪೊನಟ್ರೀಮಿಯ ಎನ್ನುತ್ತಾರೆ. ಇನ್ನೂ ಇಳಿದರೆ ಮಿದುಳು ಊದಿ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಿತ್ತು. ಓಟದಲ್ಲಿ ತೂಕ ಏರಿಸಿಕೊಂಡವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರು, ತೀರ ಸಣ್ಣ ಅಥವಾ ತೀರ ದಪ್ಪ ಮೈಯವರು ಅವರಲ್ಲಿ ಹೆಚ್ಚು. ವೇಗದ ಓಟಗಾರರಿಗೆ ನಿಂತು ಕುಡಿಯಲು ಪುರುಸೊತ್ತಿಲ್ಲ. ನಿಧಾನದವರಿಗೆ ಪುರುಸೊತ್ತೂ ಇದೆ, "ನೀರು ಕುಡಿ, ನೀರು ಕುಡಿ" ಎಂಬ ಉಪದೇಶವೂ ಇದೆ. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಇದು ತಪ್ಪುತ್ತದೆಂಬುದೂ ಸುಳ್ಳು. ಅದರ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ.

ನಿಮ್ಮ ಬೆವರನ್ನು ಅಳೆದುಕೊಳ್ಳಿ. ಓಟದ ದಿನದಂಥದೇ ಹವೆಯಲ್ಲಿ, ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಓಟದ ಪೇಸಿನಲ್ಲಿ ಒಂದು ಗಂಟೆ ಓಡಿ. ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. 58 ಕಿಲೋ ಇದ್ದದ್ದು 57.3 ಆಗಿ, ನಡುವೆ 250 ಮಿ.ಲೀ. ಕುಡಿದಿದ್ದರೆ ಗಂಟೆಯ ಬೆವರು 950 ಮಿ.ಲೀ. ಅಷ್ಟನ್ನೂ ತುಂಬಿಸಬೇಕಿಲ್ಲ, ಬಾಯಾರಿಕೆ ಕೇಳಿದಷ್ಟು, ಗಂಟೆಗೆ 400–600 ಮಿ.ಲೀ. ಸಾಕು. ಓಟ ಮುಗಿದಾಗ ತೂಕ ಒಂದೆರಡು ಪರ್ಸೆಂಟ್ ಇಳಿದಿರುವುದು ಸಹಜ, ಏರಿದ್ದರೆ ತಪ್ಪಾಗಿದೆ ಎಂದರ್ಥ. ಮುಂದೆಂದಾದರೂ ಇದೇ ಲಕ್ಷಣ ಕಂಡರೆ ನೀರು ನಿಲ್ಲಿಸಿ ವೈದ್ಯರ ಟೆಂಟಿಗೆ ಹೋಗಿ, ಎಷ್ಟು ಕುಡಿದಿದ್ದೀರೆಂದು ಮೊದಲು ಹೇಳಿ. ಮಾತು ತೊದಲಿದರೆ, ಗೊಂದಲವಾದರೆ ಆಸ್ಪತ್ರೆಗೆ, ತಡಮಾಡದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಆರಾಮವಾಗಿ ಓಡುವ ಪೇಸ್ ಮುಂಬೈಯಲ್ಲಿ ಉಸಿರು ಕಟ್ಟಿಸುತ್ತದೆ. ಅಲ್ಲಿ ಸಮುದ್ರಮಟ್ಟ, ಸುಲಭವಾಗಬೇಕಿತ್ತಲ್ಲವೇ? (ಬೆಂಗಳೂರು)

ಉತ್ತರ: ಬೆಂಗಳೂರಿನ 900 ಮೀಟರ್ ಎತ್ತರದಿಂದ ಇಳಿದು ಸಿಗುವ ಲಾಭವನ್ನು ಮುಂಬೈಯ ತೇವ ನುಂಗಿ ನೀರು ಕುಡಿಯುತ್ತದೆ. ಬೆವರು ಸುರಿದರೆ ಮೈ ತಣಿಯುವುದಿಲ್ಲ, ಆರಿದರೆ ತಣಿಯುತ್ತದೆ. ತೇವದ ಗಾಳಿಯಲ್ಲಿ ಅದು ಆರದೆ ಬೂಟಿನೊಳಕ್ಕೆ ಇಳಿಯುತ್ತದೆ. ಮೈ ತಣಿಸಲು ರಕ್ತ ಚರ್ಮಕ್ಕೆ ಹರಿದು, ಕಾಲಿಗೆ ಕಡಿಮೆಯಾಗಿ, ಅದೇ ಪೇಸಿಗೆ ಎದೆಬಡಿತ ಏರುತ್ತದೆ. ಓಟಕ್ಕೆ ಮುಂಚಿನ 10–14 ದಿನ, ನಸುಕಿನ ಓಟವನ್ನು ಬೆಳಿಗ್ಗೆ ಒಂಬತ್ತು–ಹತ್ತರ ಬಿಸಿಲಿಗೆ ಸರಿಸಿ ನಿಧಾನವಾಗಿ ಒಂದು ಗಂಟೆ ಓಡಿ. ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗ ಒಡೆಯುವ ಹಾಗೆ ಮೈ ಹೊಂದಿಕೊಳ್ಳುತ್ತದೆ. ಓಟದ ದಿನ ಮೊದಲರ್ಧದಲ್ಲಿ ಪ್ರತಿ ಕಿಲೋಮೀಟರಿಗೆ ಐದ್ಹತ್ತು ಸೆಕೆಂಡ್ ಬಿಟ್ಟುಕೊಡಿ.

ಮುಂಬೈ ಮಾರ್ಗದಲ್ಲಿ ಪೆಡ್ಡರ್ ರಸ್ತೆಯ ಏರು ಸಿಗುತ್ತದೆ. ಮರಳುವಾಗ ಅದು ಗೋಡೆಯಂತೆ ನಿಂತಿರುತ್ತದೆ. ಅಲ್ಲಿ ವಾಚ್ ನೋಡದೆ ಹೆಜ್ಜೆ ಚಿಕ್ಕದು ಮಾಡಿ ಏರಿ, ಬೇಕಾದರೆ ನಡೆಯಿರಿ. ಇಳಿಜಾರಿನಲ್ಲಿ ಹಾರಿ ಹಾರಿ ಓಡಿದರೆ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿದು ಹಿಡಿದು ಕಿತ್ತುಬರುತ್ತದೆ. ಯಾರಾದರೂ ತೂರಾಡುತ್ತ, ಹೆಸರು ಕೇಳಿದರೆ ತಪ್ಪು ಹೇಳುತ್ತ, ಮೈ ಕೆಂಡದಂತಿದ್ದರೆ ಅದು ಹೀಟ್ ಸ್ಟ್ರೋಕ್ ಎಂದೇ ಹಿಡಿಯಿರಿ. ಆಂಬುಲೆನ್ಸ್ ಬರುವ ತನಕ ಕಾಯದೆ ಐಸು, ತಣ್ಣೀರು ಏನು ಸಿಕ್ಕಿದರೂ ಸುರಿದು ತಣಿಸಿ. ಬೆವರುತ್ತಿದ್ದಾನಲ್ಲ, ಹಾಗಾದರೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಓಟಗಾರರು ಬೆವರುತ್ತಲೇ ಬೀಳುತ್ತಾರೆ.

ಪ್ರಶ್ನೆ: ಪ್ರತಿ ಲಾಂಗ್ ರನ್ ಆದ ಮೇಲೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಕಾರ್ಬನ್ ಪ್ಲೇಟ್ ಶೂ (ಅಡಿಯಲ್ಲಿ ಗಟ್ಟಿ ಕಾರ್ಬನ್ ಹಾಳೆ ಇರುವ ದುಬಾರಿ ಶೂ) ಕೊಂಡರೆ ಸರಿಹೋಗುತ್ತದೆಯೇ? (ಶಿವಮೊಗ್ಗ)

ಉತ್ತರ: ಹದಿನೈದಿಪ್ಪತ್ತು ಸಾವಿರ ರೂಪಾಯಿಗೂ ನಿಮ್ಮ ಉಗುರಿಗೂ ಸಂಬಂಧವಿಲ್ಲ. ಮೂರು ಗಂಟೆ ಓಡಿದರೆ ಪಾದ ಊದುತ್ತದೆ, ಬೆರಳು ಬೂಟಿನ ಮೂತಿಗೆ ಸಾವಿರಾರು ಸಲ ಬಡಿಯುತ್ತದೆ. ಶೂ ಕೊಳ್ಳಲು ಸಂಜೆ ಹೋಗಿ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಹೆಚ್ಚಿನವರಿಗೆ ಅರ್ಧ ಸೈಜ್ ದೊಡ್ಡದು ಬೇಕಾಗುತ್ತದೆ. ಲೇಸಿನ ಕೊನೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ತೂತುಗಳು ಅಲಂಕಾರಕ್ಕಲ್ಲ: ಲೇಸನ್ನು ಅದೇ ಬದಿಯ ಮೇಲಿನ ತೂತಿಗೆ ತೂರಿಸಿ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ಎಳೆದು ಬಿಗಿಯಿರಿ. ಹಿಮ್ಮಡಿ ಕಚ್ಚಿ ಕೂರುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಹತ್ತಿಯ ಕಾಲುಚೀಲ ಬೇಡ, ಬೆವರು ಹಿಡಿದು ಬೊಬ್ಬೆ ಎಬ್ಬಿಸುತ್ತದೆ.

ಪ್ರಶ್ನೆ: ಮೊಣಕಾಲು ನೋವಿಗೆ ಓಟದ ಬೆಳಿಗ್ಗೆ ಒಂದು ನೋವಿನ ಮಾತ್ರೆ ನುಂಗಬಹುದೇ? (ಕಲಬುರಗಿ)

ಉತ್ತರ: ಬೇಡ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಓಟ ಅದನ್ನು ಮೊದಲೇ ತಗ್ಗಿಸಿರುತ್ತದೆ. ಮೇಲೆ ಹೇಳಿದ ಸೋಡಿಯಂ ಇಳಿತಕ್ಕೂ ಅವು ದಾರಿ ಮಾಡಿಕೊಡುತ್ತವೆ. ಮಾತ್ರೆ ಇಲ್ಲದೆ ಐದು ಕಿಲೋಮೀಟರ್ ಕುಂಟದೆ ಓಡಲಾಗದಿದ್ದರೆ 42ಕ್ಕೆ ನಿಲ್ಲಬೇಡಿ.

ಪ್ರಶ್ನೆ: ಫಲಿತಾಂಶದಲ್ಲಿ ಎರಡು ಸಮಯ ಏಕೆ? ಗೆಳೆಯನ ಬಿಬ್ (ಎದೆಗೆ ಹಾಕುವ ನಂಬರ್ ಚೀಟಿ) ಹಾಕಿಕೊಂಡು ಓಡಿದರೆ ಏನಾಗುತ್ತದೆ? (ಉಡುಪಿ)

ಉತ್ತರ: ಗನ್ ಟೈಮ್ ಎಂದರೆ ಗುಂಡು ಹಾರಿದಾಗಿನಿಂದ, ಚಿಪ್ ಟೈಮ್ ಎಂದರೆ ನೀವು ಆರಂಭದ ಮ್ಯಾಟ್ ತುಳಿದಾಗಿನಿಂದ. ಹಿಂದಿನ ಸಾಲಿನವರಿಗೆ ಎರಡರ ನಡುವೆ ಹತ್ತು ನಿಮಿಷವೂ ಆಗಬಹುದು. ಬಹುಮಾನ ಸಾಮಾನ್ಯವಾಗಿ ಗನ್ ಟೈಮಿಗೆ, ನಿಮ್ಮ ಸಂತೋಷ ಚಿಪ್ ಟೈಮಿಗೆ.

ಗೆಳೆಯನ ಬಿಬ್ ಬೇಡವೇ ಬೇಡ. ನೀವು ಕುಸಿದು ಬಿದ್ದರೆ ವೈದ್ಯರು ನೋಡುವುದು ಬಿಬ್‌ಗೆ ಸೇರಿದ ರಕ್ತದ ಗುಂಪು, ಅಲರ್ಜಿ, ಮನೆಯವರ ಫೋನ್ ನಂಬರ್. ಎಲ್ಲವೂ ಅವನದಾಗಿರುತ್ತವೆ. ಇನ್ನು ನಿಮ್ಮದೇ ಬಿಬ್ ಹಾಕಿದಾಗ ಹಿಂಬದಿಯ ಚಿಪ್ ಪಟ್ಟಿಯನ್ನು ಮಡಚಬೇಡಿ, ಎದೆಯ ಮೇಲೆ ನಾಲ್ಕೂ ಮೂಲೆಗೆ ಪಿನ್ ಹಾಕಿ. ಸೊಂಟದ ಪಟ್ಟಿಯ ಕೆಳಗೆ ಸಿಕ್ಕಿಸಿ ಮೇಲೆ ನೀರಿನ ಬಾಟಲಿ ತೂಗಿಸಿದರೆ ರೇಡಿಯೋ ಸಿಗ್ನಲನ್ನು ನೀರೇ ಹೀರಿಬಿಡುತ್ತದೆ. ಮ್ಯಾಟ್ ಮೇಲೆ ಓಡಿಯೂ ಹೆಸರು ಪಟ್ಟಿಯಲ್ಲಿ ಬಾರದೆ ಹೋಗುವುದಕ್ಕೆ ಇದೂ ಒಂದು ಕಾರಣ.